ಬೀದಿ ಎಲ್ಲರದು: ಬೇಸಿಗೆ ಕಾರ್ಯಕ್ರಮಗಳಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ರಜೆ. ಅದರ ಆಸುಪಾಸಿನಲ್ಲೇ ಬೆಂಗಳೂರಿನ ಬಡಾವಣೆಗಳಲ್ಲಿ ರಾಮನವಮಿಯ ಪಾನಕ, ಸಂಜೆಯ ಸಂಗೀತ, ಮಕ್ಕಳ ಶಿಬಿರ, ಮಾವಿನ ಸಂತೆ, ಬೀದಿ ಆಟ ಒಂದಾದ ಮೇಲೊಂದು ನಡೆಯುತ್ತವೆ. ಇವನ್ನು ನಡೆಸುವ ನಿವಾಸಿಗಳ ಸಂಘ, ಯುವಕ ಸಂಘ, ಮಹಿಳಾ ಮಂಡಳಿ, ದೇವಸ್ಥಾನ ಸಮಿತಿಗಳವರಿಗೂ ಮಕ್ಕಳನ್ನು ಕರೆದುಕೊಂಡು ಬರುವ ಮನೆಯವರಿಗೂ ಈ ಸೂಚನೆ. ಓದಿ, ನೋಟಿಸ್ ಬೋರ್ಡಿಗೆ ಹಚ್ಚಿ, ಪಾಲಿಸಿ.

ಯಾರನ್ನು ಕರೆಯಬೇಕು

ಮೊದಲ ನಿಯಮ ಇದು, ಉಳಿದವೆಲ್ಲ ಇದರ ನಂತರ. ಬೀದಿಯಲ್ಲೋ ಪಾರ್ಕಿನಲ್ಲೋ ಕಾರ್ಯಕ್ರಮ ಮಾಡುವಿರಾದರೆ ಆ ಬೀದಿಯಲ್ಲಿ ಬದುಕುವ, ದುಡಿಯುವ ಎಲ್ಲರನ್ನೂ ಕರೆಯಿರಿ. ಬಾಡಿಗೆಗೆ ಇರುವವರು, ಪೀಜಿಯಲ್ಲಿರುವ ಹುಡುಗರು, ಇಸ್ತ್ರಿ ಗಾಡಿಯವರು, ಮನೆಗೆಲಸಕ್ಕೆ ಬರುವ ಅಮ್ಮಂದಿರು, ಸೆಕ್ಯೂರಿಟಿಯವರು, ಬೆಳಿಗ್ಗೆ ಕಸ ಒಯ್ಯುವ ಪೌರಕಾರ್ಮಿಕರು, ಇವರ ಮಕ್ಕಳು, ಎಲ್ಲರೂ ಆ ಬೀದಿಯವರೇ. ಸಂಘದ ಚಂದಾ ಕಟ್ಟಿದವರಿಗೆ ಮಾತ್ರ ಎಂದು ಹಗ್ಗ ಕಟ್ಟುವುದಿದ್ದರೆ ನಿಮ್ಮ ಮನೆಯ ಅಂಗಳದಲ್ಲೇ ಮಾಡಿಕೊಳ್ಳಿ. ಸಾರ್ವಜನಿಕ ರಸ್ತೆಯನ್ನು ಮುಚ್ಚಿಸಬೇಡಿ.

ಪ್ರತಿ ಬಡಾವಣೆಯಲ್ಲೂ ಒಂದಲ್ಲ ಒಂದು ಕಟ್ಟಡ ಏಳುತ್ತಿರುತ್ತದೆ. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಕುಟುಂಬಗಳಿರುತ್ತವೆ. ಏಪ್ರಿಲ್ ಮಧ್ಯಾಹ್ನ ಆ ತಗಡಿನ ಕೆಳಗೆ ಕೂರಲು ಆಗುವುದಿಲ್ಲ. ಮಕ್ಕಳು ಮರಳಿನ ರಾಶಿಯ ಮೇಲೋ ಕಾಂಕ್ರೀಟ್ ಮಿಕ್ಸರಿನ ಹತ್ತಿರವೋ ಹೊತ್ತು ಕಳೆಯುತ್ತಾರೆ. ಬೇಸಿಗೆ ಶಿಬಿರದ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವುದು ಈ ಮಕ್ಕಳಿಗೆ. ಇವರಿಗೆ ಶುಲ್ಕ ಬೇಡ. ಮೇಸ್ತ್ರಿಯ ಕೈಗೆ ಕರಪತ್ರ ಕೊಟ್ಟು ಬಂದರೆ ಸಾಲದು, ನೀವೇ ಶೆಡ್ಡಿಗೆ ಹೋಗಿ ತಾಯಂದಿರ ಜೊತೆ ಮಾತಾಡಿ, ಯಾವ ಹೊತ್ತಿಗೆ ಕಳಿಸಬಹುದು ಎಂದು ಕೇಳಿ, ಆ ಹೊತ್ತಿಗೇ ಶಿಬಿರ ಇಡಿ. ಇದರಿಂದ ನಿಮ್ಮ ಮಕ್ಕಳಿಗೂ ಲಾಭವಿದೆ. ಅಪಾರ್ಟ್‌ಮೆಂಟಿನಲ್ಲಿ ಬೆಳೆಯುತ್ತಾ ಕನ್ನಡ ಬಾರದೆ ಉಳಿದ ಮಗು ಯಾದಗಿರಿಯ ಹುಡುಗಿಯೊಡನೆ ಲಗೋರಿ ಆಡುತ್ತಾ ಮಾತು ಕಲಿಯುತ್ತದೆ. ಯಾವ ಟ್ಯೂಷನ್ ಕ್ಲಾಸೂ ಅಷ್ಟು ಬೇಗ ಕಲಿಸುವುದಿಲ್ಲ.

ಕರೆದ ಮೇಲೆ ಬೇರೆ ಕೂರಿಸಬಾರದು. ಬೇರೆ ಲೋಟ, ಬೇರೆ ಸಾಲು, ಎಲ್ಲರದೂ ಮುಗಿದ ಮೇಲೆ ಊಟ, ಇವು ಯಾವ ನೆಪದಲ್ಲೂ ಕೂಡದು. ಕಂಡರೆ ಅಲ್ಲಿಯೇ ನಿಲ್ಲಿಸಿ.

ದಾರಿಹೋಕರನ್ನೂ ಸೇರಿಸಿಕೊಳ್ಳುವುದು ಈ ಊರಿಗೆ ಹೊಸ ಪಾಠವಲ್ಲ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಶುರುವಾದದ್ದು. ಕೋಟೆ ಹೈಸ್ಕೂಲು ಮೈದಾನದಲ್ಲಿ ಅದರ ರಾಮೋತ್ಸವದ ಕಛೇರಿಗಳು ನಡೆದಾಗ ಒಳಗೆ ಟಿಕೆಟ್ ಕೊಂಡವರು ಕೂತರೆ, ಹೊರಗೆ ರಸ್ತೆ ಬದಿಯಲ್ಲಿ ಕೂತು ಕೇಳಿದವರೂ ಇದ್ದರು. ಹಾಗೆ ಕೇಳುತ್ತಲೇ ಸಂಗೀತ ಹಚ್ಚಿಕೊಂಡ ಹಳಬರು ಇಂದಿಗೂ ಸಿಗುತ್ತಾರೆ. ನಿಮ್ಮ ಕಾರ್ಯಕ್ರಮದಲ್ಲೂ ದಾರಿಹೋಕರು ನಿಂತು ಕೇಳಲು ಜಾಗವಿರಲಿ.

ಬಿಸಿಲು, ಮಳೆ

ಬೆಂಗಳೂರು ತಂಪಿನ ಊರು ಎಂಬ ಹಳೆಯ ನಂಬಿಕೆಯ ಮೇಲೆ ಸಮಯ ನಿಗದಿ ಮಾಡಬೇಡಿ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಹೊರಾಂಗಣದ ಆಟ, ಮೆರವಣಿಗೆ, ನಡಿಗೆ ಏನಿದ್ದರೂ ಬೆಳಿಗ್ಗೆ ಹತ್ತೂವರೆಗೆ ಮುಗಿಯಬೇಕು, ಇಲ್ಲವೇ ಸಂಜೆ ನಾಲ್ಕೂವರೆಯ ನಂತರ ಶುರುವಾಗಬೇಕು. ನಡುವಿನ ಹೊತ್ತಿಗೆ ಚೌಕಾಬಾರ, ಅಳಗುಳಿಮಣೆ, ಕೇರಂ, ಕಥೆ. ಪಾರ್ಕಿನ ಕಬ್ಬಿಣದ ಜಾರುಬಂಡೆಯನ್ನು ನೀವು ಕೈಯಿಟ್ಟು ನೋಡಿದ ಮೇಲೆ ಮಗುವನ್ನು ಹತ್ತಿಸಿ.

ಮುಖ್ಯ ಅತಿಥಿ ಬರಲಿಲ್ಲವೆಂದು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಕಾಯಿಸಕೂಡದು. ಹೇಳಿದ ಹೊತ್ತಿಗೆ ಶುರುಮಾಡಿ, ಅತಿಥಿ ಬಂದಾಗ ಬರಲಿ. ಶಾಲು, ಪೇಟ, ಹಾರ, ಒಬ್ಬೊಬ್ಬರಿಗೂ ಸ್ವಾಗತ ಭಾಷಣ ಎಂದು ಒಂದು ಗಂಟೆ ತಿಂದರೆ ಕುಣಿಯಲು ಸಿದ್ಧವಾಗಿ ಬಂದ ಮಗು ಬೆವರಿನಲ್ಲಿ ತೊಯ್ದು ನಿದ್ದೆ ಹೋಗಿರುತ್ತದೆ. ಬೇಸಿಗೆ ಕಾರ್ಯಕ್ರಮಕ್ಕೆ ಸನ್ಮಾನಗಳೇ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಯಾರಿಗಾದರೂ ಮೈ ಸುಡುತ್ತಿದ್ದು ಮಾತು ತೊದಲಿದರೆ, ತಬ್ಬಿಬ್ಬಾದರೆ, ಅದು ಬರೀ ಸುಸ್ತಲ್ಲ. ತಕ್ಷಣ ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಕತ್ತು ಮತ್ತು ಕಂಕುಳಿಗೆ ಒದ್ದೆ ಬಟ್ಟೆ ಇಡಿ, ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯಬಾರದು.

ಇದೇ ತಿಂಗಳುಗಳಲ್ಲಿ ಮಧ್ಯಾಹ್ನ ಸೆಕೆ ಏರಿ ಸಂಜೆಗೆ ಗುಡುಗಿನ ಮಳೆ ಬರುತ್ತದೆ. ಮುಂಗಾರಿಗೆ ಮೊದಲಿನ ಈ ಮಳೆಯ ಗಾಳಿಗೇ ಊರಿನ ಗುಲ್‌ಮೊಹರ್, ಮಳೆಮರಗಳ ಕೊಂಬೆಗಳು ಮುರಿಯುವುದು. ದೊಡ್ಡ ಮರದ ಕೆಳಗೆ ಶಾಮಿಯಾನ ಹಾಕಬೇಡಿ. ಗುಡುಗು ಕೇಳಿದೊಡನೆ ಆಟ ನಿಲ್ಲಿಸಿ ಎಲ್ಲರನ್ನೂ ಪಕ್ಕಾ ಕಟ್ಟಡದೊಳಗೆ ಕಳಿಸಿ. ಶಾಮಿಯಾನದ ಕಬ್ಬಿಣದ ಕಂಬ ಹಿಡಿದು ನಿಲ್ಲುವುದಾಗಲಿ, ಮರದಡಿ ಸೇರುವುದಾಗಲಿ ಕೂಡದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಯಾರೂ ಹೊರಬರಬಾರದು. ಕಾರ್ಯಕ್ರಮ ಮುಗಿಸಿ ಮನೆಗೆ ಹೊರಟವರು ನೀರು ನಿಂತ ಅಂಡರ್‌ಪಾಸಿನೊಳಗೆ ಗಾಡಿ ಇಳಿಸಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಒಂದು ಕುಟುಂಬದ ಕಾರು ಮುಳುಗಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡದ್ದು ಇಂಥ ಒಂದು ಮಳೆಯಲ್ಲೇ.

ನೀರು

ರೈನ್ ಡ್ಯಾನ್ಸ್, ಪೈಪು ಹಿಡಿದು ನೀರೆರಚುವ ಆಟ, ರಸ್ತೆ ತೊಳೆಯುವುದು, ಇವು ಮೂರೂ ಬೇಡ. 2024ರ ಬೇಸಿಗೆ ಯಾರಿಗೂ ಮರೆತಿರಲಾರದು. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಸಾಲು ನಿಂತು, ಕುಡಿಯುವ ನೀರಲ್ಲಿ ವಾಹನ ತೊಳೆದರೆ, ಕೈತೋಟಕ್ಕೆ ಹರಿಸಿದರೆ ಜಲಮಂಡಳಿ 5000 ರೂಪಾಯಿ ದಂಡ ವಿಧಿಸಿತು. ಆಮೇಲೆ ಕಾವೇರಿ ಐದನೇ ಹಂತ ಬಂದಿದೆ ನಿಜ. ಆದರೂ ನೂರು ಕಿಲೋಮೀಟರಿನಷ್ಟು ದೂರದಿಂದ, ಏರಿನ ಮೇಲೆ ಪಂಪು ಮಾಡಿ ತಂದ ನೀರು ಅದು. ಚೆಲ್ಲಿ ಆಡುವಂಥದ್ದಲ್ಲ.

ಹಕ್ಕಿಗಳಿಗೆ ಮಣ್ಣಿನ ತಟ್ಟೆಯಲ್ಲಿ ನೀರಿಡುವ ಕೆಲಸವನ್ನು ಮಕ್ಕಳಿಗೆ ವಹಿಸಿ, ಆದರೆ ದಿನಾ ನೀರು ಬದಲಿಸುವ ಜವಾಬ್ದಾರಿಯನ್ನೂ ಅವರಿಗೇ ಕೊಡಿ. ನಿಂತ ನೀರಲ್ಲಿ ಒಂದು ವಾರದೊಳಗೆ ಡೆಂಗಿ ಹರಡುವ ಸೊಳ್ಳೆ ಮರಿಯಾಗುತ್ತದೆ. ಹಾಗೇ ಬಿಟ್ಟು ಊರಿಗೆ ಹೋಗುವವರು ತಟ್ಟೆ ಇಡಲೇಬೇಡಿ.

ಕೆರೆಗೆ ನಡಿಗೆ ಹೋಗಿ, ಹಕ್ಕಿ ತೋರಿಸಿ. ಕೆರೆಗೆ ಇಳಿಸಬೇಡಿ. ಕಲ್ಲು ಕ್ವಾರಿಯ ಹೊಂಡದ ಹತ್ತಿರಕ್ಕೂ ಬಿಡಬೇಡಿ. ದಡದಿಂದ ಎರಡೇ ಹೆಜ್ಜೆಗೆ ಅಲ್ಲಿ ಆಳ ಸಿಗುತ್ತದೆ, ಕೆರೆಯಲ್ಲಾದರೆ ಕೆಸರು ಕಾಲು ಹಿಡಿಯುತ್ತದೆ. ಪ್ರತಿ ಬೇಸಿಗೆ ರಜೆಯಲ್ಲೂ ಮಕ್ಕಳು ಹೀಗೆ ಹೋಗುತ್ತಾರೆ, ಒಬ್ಬನನ್ನು ಎಳೆಯಲು ಇನ್ನೊಬ್ಬ ಇಳಿದು ಇಬ್ಬರೂ ಹೋಗುತ್ತಾರೆ. ಈಜು ಬಂದರೂ ಇಳಿಯಬಾರದು ಎಂದು ಮನೆಯಲ್ಲಿ ಕೂರಿಸಿ ಹೇಳಿ. ಇದರಲ್ಲಿ ರಿಯಾಯಿತಿ ಇಲ್ಲ.

ಪಾನಕ, ಕೋಸಂಬರಿ, ಮಾವು

ಪಾನಕಕ್ಕೂ ನೀರು ಮಜ್ಜಿಗೆಗೂ ಕಾಯಿಸಿ ಆರಿಸಿದ ನೀರು ಇಲ್ಲವೇ ಶುದ್ಧ ಕುಡಿಯುವ ನೀರು ಮಾತ್ರ. ಐಸ್ ಫ್ಯಾಕ್ಟರಿಯ ದಿಮ್ಮಿ ಐಸ್ ಹಾಕಬಾರದು. ಅದು ಮೀನು, ಹೂವು ಕೆಡದಂತೆ ಇಡಲು ಮಾಡಿದ್ದು, ಕುಡಿಯಲು ಅಲ್ಲ. ಮಣ್ಣಿನ ಹೂಜಿಯಲ್ಲಿ ರಾತ್ರಿಯೇ ತುಂಬಿಟ್ಟ ನೀರು ಸಾಕಷ್ಟು ತಣ್ಣಗಿರುತ್ತದೆ. ಬೆಲ್ಲವನ್ನು ಕರಗಿಸಿ ಸೋಸಿ. ಏಲಕ್ಕಿ, ಮೆಣಸು, ಶುಂಠಿಯನ್ನು ಕುಟ್ಟಿಕೊಂಡು ಬನ್ನಿ, ನಿಂಬೆಯನ್ನು ಹಂಚುವ ಹೊತ್ತಿಗೆ ಹಿಂಡಿ. ಕೋಸಂಬರಿಯ ಹೆಸರುಬೇಳೆ ನೆನೆಸಿದ ನೀರು ಪೂರ್ತಿ ಬಸಿಯಬೇಕು. ಸೌತೆಕಾಯಿಗೆ ಉಪ್ಪು ಬಿದ್ದೊಡನೆ ನೀರು ಬಿಡುತ್ತದೆ, ಹಸಿ ತೆಂಗಿನತುರಿ ಸೆಕೆಗೆ ಬೇಗ ಹಳಸುತ್ತದೆ. ಆದ್ದರಿಂದ ಒಂದೇ ಸಲ ದೊಡ್ಡ ಪಾತ್ರೆಯಲ್ಲಿ ಕಲೆಸಿಡದೆ, ಸಾಲು ಬಂದಂತೆ ಸ್ವಲ್ಪ ಸ್ವಲ್ಪವೇ ಕಲೆಸಿ. ಎರಡು ಗಂಟೆ ದಾಟಿದ್ದನ್ನು ಯಾರಿಗೂ ಕೊಡಬೇಡಿ. ಉಳಿದದ್ದನ್ನು ಪೌರಕಾರ್ಮಿಕರಿಗೆ ಕೊಡೋಣ ಎನ್ನುವುದಂತೂ ಕೂಡದೇ ಕೂಡದು. ನಿಮ್ಮ ಮಗುವಿಗೆ ಕೊಡಲಾರದ್ದನ್ನು ಅವರ ಮಗುವಿಗೂ ಕೊಡಬಾರದು.

ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಥರ್ಮಾಕೋಲ್ ಅಲಂಕಾರಕ್ಕೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಿದೆ. ಕಾಗದದ ಲೋಟವನ್ನು ಒಳ್ಳೆಯದೆಂದು ತರುತ್ತಾರೆ, ಅದರ ಒಳಪದರವೂ ಪ್ಲಾಸ್ಟಿಕ್ಕೇ. ಅಡಿಕೆ ಹಾಳೆ ಅಥವಾ ಮುತ್ತುಗದ ಎಲೆ ಬಳಸಿ. ಎಲ್ಲಕ್ಕಿಂತ ಒಳ್ಳೆಯದು, ಬಡಾವಣೆಗೆಂದೇ ಸ್ಟೀಲ್ ತಟ್ಟೆ ಲೋಟಗಳನ್ನು ಒಮ್ಮೆ ಕೊಂಡಿಟ್ಟು ಬೇಕಾದವರಿಗೆ ಕೊಟ್ಟು ವಾಪಸ್ ಪಡೆಯುವುದು. ತೊಳೆಯುವ ಪಾಳಿಯಲ್ಲಿ ಗಂಡಸರ ಹೆಸರೂ ಇರಲಿ. ಅಡುಗೆ, ರಂಗೋಲಿ, ಬಡಿಸುವುದು ಎಂದು ಹೆಂಗಸರನ್ನು ಇಡೀ ದಿನ ದುಡಿಸಿ, ವೇದಿಕೆಯ ಕುರ್ಚಿಗಳಲ್ಲಿ ಗಂಡಸರೇ ಕೂರುವ ಪದ್ಧತಿ ಈ ವರ್ಷಕ್ಕೆ ನಿಲ್ಲಲಿ.

ಮಾವಿನ ಸಂತೆಗೆ ಶ್ರೀನಿವಾಸಪುರ, ರಾಮನಗರ ಕಡೆಯ ಬೆಳೆಗಾರರನ್ನೇ ನೇರವಾಗಿ ಕರೆಯಿರಿ. ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ಮಲಗೋವ ಬೇರೆಬೇರೆಯಾಗಿ ತಿಂದು ಗುರುತು ಹಿಡಿಯಲು ಮಕ್ಕಳಿಗೆ ಕಲಿಸಿ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಮಾಗಿಸುವುದು ಕಾನೂನಿನಲ್ಲಿ ನಿಷಿದ್ಧ. ಹುಲ್ಲಿನಲ್ಲಿಟ್ಟು ಮಾಗಿಸಿದ್ದನ್ನೇ ಕೇಳಿ ಕೊಳ್ಳಿ, ಯಾವ ಹಣ್ಣಾದರೂ ತೊಳೆದು ನೀರಲ್ಲಿ ನೆನೆಸಿದ ಮೇಲೆ ತಿನ್ನಿ. ಬೆಳೆಗಾರರ ಜೊತೆ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ.

ಸದ್ದು, ತಂತಿ, ರಸ್ತೆ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಇದು 2000ದ ಶಬ್ದಮಾಲಿನ್ಯ ನಿಯಮ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ 100 ಮೀಟರಿನೊಳಗೆ ಇನ್ನೂ ಕಡಿಮೆ. ಹಗಲಾದರೂ ಪೊಲೀಸ್ ಠಾಣೆಯ ಲಿಖಿತ ಅನುಮತಿ ಬೇಕು. ಅನುಮತಿ ಸಿಕ್ಕಿತೆಂದು ಸ್ಪೀಕರನ್ನು ಹಾಸಿಗೆ ಹಿಡಿದವರ ಕಿಟಕಿಗೆ ತಿರುಗಿಸಿ ಇಡಬಾರದು. ಹಿಂದಿನ ದಿನವೇ ಆ ಬೀದಿಯ ಮನೆಮನೆಗೆ ಹೋಗಿ ರೋಗಿಗಳು, ಹಸುಗೂಸು, ರಾತ್ರಿ ಪಾಳಿಯವರು ಇದ್ದಾರೆಯೇ ಎಂದು ಕೇಳಿ. ಒಂದು ಮೃದಂಗ, ಒಂದು ತಂಬೂರಿ ಇದ್ದರೆ ಮೈಕ್ ಇಲ್ಲದೆಯೂ ಐವತ್ತು ಜನಕ್ಕೆ ಕಛೇರಿ ಕೇಳಿಸುತ್ತದೆ.

ಬೀದಿ ಕಂಬದಿಂದ ವಿದ್ಯುತ್ ಎಳೆಯಕೂಡದು. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ. ತಂತಿ ಜೋತುಬಿದ್ದಿದ್ದರೆ, ಕಿಡಿ ಕಂಡರೆ ಮುಟ್ಟದೆ 1912ಕ್ಕೆ ಹೇಳಿ. ಕಂಬ ನಿಲ್ಲಿಸಲು ಡಾಂಬರು ಅಗೆಯಬೇಡಿ, ಮರಳು ತುಂಬಿದ ಡಬ್ಬ ಸಾಕು. ಮರಕ್ಕೆ ಮೊಳೆ ಹೊಡೆದು ಸೀರಿಯಲ್ ಸೆಟ್ ಹಾಕಬಾರದು. ಫ್ಲೆಕ್ಸ್ ಬೇಡ, ಬಟ್ಟೆಯ ಮೇಲೆ ಮಕ್ಕಳಿಂದಲೇ ಬರೆಸಿ. ಆಂಬುಲೆನ್ಸ್ ಹೋಗುವಷ್ಟು ದಾರಿ ಯಾವಾಗಲೂ ತೆರೆದಿರಬೇಕು, ಅಲ್ಲಿ ಅತಿಥಿಯ ಕಾರನ್ನೂ ನಿಲ್ಲಿಸುವಂತಿಲ್ಲ.

ಮಕ್ಕಳು

ಶಿಬಿರದಲ್ಲಿ ಸದಾ ಕನಿಷ್ಠ ಇಬ್ಬರು ದೊಡ್ಡವರಿರಬೇಕು. ಒಬ್ಬರೇ ಒಂದು ಮಗುವಿನೊಡನೆ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಇರಕೂಡದು, ಎಷ್ಟೇ ಪರಿಚಯದವರಾದರೂ. ಹೊರಗಿನಿಂದ ಬರುವ ತರಬೇತುದಾರರ ಗುರುತಿನ ಚೀಟಿ, ಹಿಂದೆ ಕೆಲಸ ಮಾಡಿದ ಕಡೆಯ ವಿಚಾರಣೆ ಮೊದಲೇ ಆಗಲಿ. ಬಿಟ್ಟು ಹೋದವರೇ ಬಂದು ಕರೆದೊಯ್ಯಬೇಕು. ಮಗು ಏನಾದರೂ ಹೇಳಿದರೆ ನಂಬಿ ಕೇಳಿ, 1098ಕ್ಕೆ ತಿಳಿಸಿ. ಸಂಘದ ಮರ್ಯಾದೆ ಎಂದು ಮುಚ್ಚಿಡುವುದು ಅಪರಾಧ. ಮನೆಯವರ ಒಪ್ಪಿಗೆ ಇಲ್ಲದೆ ಮಕ್ಕಳ ಫೋಟೊ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಆಟಗಳಿಗೆ ಅಜ್ಜ ಅಜ್ಜಿಯರನ್ನು ಕರೆಯಿರಿ. ಬುಗುರಿಗೆ ಹುರಿ ಸುತ್ತುವುದು, ಕುಂಟೆಬಿಲ್ಲೆಗೆ ಮನೆ ಬರೆಯುವುದು ನೋಡಿ ಕಲಿಯುವ ವಿದ್ಯೆ. ಚಿನ್ನಿದಾಂಡನ್ನು ಮಾತ್ರ ಬಯಲಿನಲ್ಲೇ ಆಡಿಸಿ, ಓಣಿಯಲ್ಲಿ ಚಿನ್ನಿ ಹಾರಿದರೆ ಯಾರದಾದರೂ ಕಣ್ಣಿಗೆ ಬೀಳುತ್ತದೆ. ತಂಡಗಳನ್ನು ಬೀದಿಗೊಂದು, ಬ್ಲಾಕಿಗೊಂದು ಎಂದು ಕಟ್ಟದೆ ಚೀಟಿ ಎತ್ತಿ ಬೆರೆಸಿ. ಹತ್ತು ವರ್ಷದೊಳಗಿನವರಿಗೆ ಬಹುಮಾನ ಬೇಡ, ಆಡಿದ ಎಲ್ಲರಿಗೂ ಒಂದೊಂದು ಮಾವಿನಹಣ್ಣು ಕೊಡಿ.

ಕರಗಕ್ಕೆ ಹೋಗುವವರು

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಪೇಟೆಯ ಓಣಿಗಳಲ್ಲಿ ಬೆಳಗಿನವರೆಗೂ ಸಾಗುತ್ತದೆ. ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಮಕ್ಕಳಿಗೆ ತೋರಿಸಲೇಬೇಕಾದ ರಾತ್ರಿ ಅದು. ಆದರೆ ಕೈಗೂಸುಗಳನ್ನು ಇಕ್ಕಟ್ಟಿನ ಓಣಿಗೆ ಒಯ್ಯಬೇಡಿ, ಅಗಲ ರಸ್ತೆಯಲ್ಲಿ ಒಂದು ಕಡೆ ಮೊದಲೇ ನಿಂತಿರಿ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇರಲಿ, ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮುಂಚೆಯೇ ತೋರಿಸಿ. ಬಿಚ್ಚುಗತ್ತಿ ಹಿಡಿದ ವೀರಕುಮಾರರ ಸಾಲನ್ನು ಅಡ್ಡ ದಾಟಬಾರದು. ಕರಗ ಹೊತ್ತವರ ಮುಖಕ್ಕೆ ಫ್ಲಾಶ್ ಹೊಡೆಯಬಾರದು, ಮುಟ್ಟಲು ನುಗ್ಗಬಾರದು. ಅವರು ತಲೆಯ ಮೇಲಿನ ಕರಗವನ್ನು ಕೈಯಲ್ಲಿ ಹಿಡಿಯದೆ ಹೆಜ್ಜೆ ಹಾಕುತ್ತಾರೆ. ಮಲ್ಲಿಗೆ ಎರಚಿ, ಗೋವಿಂದಾ ಎನ್ನಿ, ದಾರಿ ಬಿಡಿ.

ಮುಗಿದ ಮೇಲೆ

ಹಸಿ ಕಸ, ಒಣ ಕಸ ಬೇರೆಬೇರೆ ಡಬ್ಬಕ್ಕೆ. ಮಾವಿನ ಸಿಪ್ಪೆ, ವಾಟೆ, ಎಲೆ ಎಲ್ಲ ಹಸಿ ಕಸ, ಪಾರ್ಕಿನಲ್ಲಿ ಗೊಬ್ಬರದ ಗುಂಡಿ ಇದ್ದರೆ ಅಲ್ಲಿಗೆ ಹಾಕಿ. ಬೆಳಿಗ್ಗೆ ಬರುವ ಪೌರಕಾರ್ಮಿಕರಿಗೆ ಬಿಟ್ಟು ಮಲಗಬೇಡಿ. ಹಿಂದಿನ ಸಂಜೆ ಅವರೂ ನಿಮ್ಮ ಅತಿಥಿಗಳು. ಹಗ್ಗ, ದಾರ, ಟೇಪು, ಬಲೂನಿನ ಚೂರು ಎಲ್ಲವನ್ನೂ ರಾತ್ರಿಯೇ ಬಿಚ್ಚಿ ಆರಿಸಿ. ಜಮಾಖರ್ಚನ್ನು ಒಂದು ವಾರದೊಳಗೆ ನೋಟಿಸ್ ಬೋರ್ಡಿಗೆ ಹಾಕಿ, ಹತ್ತು ರೂಪಾಯಿ ಕೊಟ್ಟ ಇಸ್ತ್ರಿ ಗಾಡಿಯವರ ಹೆಸರೂ ಅದರಲ್ಲಿರಲಿ.