ಮನೆ ಮಂಜೂರಾಗುತ್ತದೆ, ಕಟ್ಟಿಸುವವರು ಯಾರು?

ಪ್ರಶ್ನೆ: ನಮ್ಮ ಚಿಕ್ಕಮ್ಮ ವಿಧವೆ, ಒಂದು ಕಾಲಿಗೆ ಪೋಲಿಯೊ. ಅಣ್ಣನ ಮನೆಯ ಪಡಸಾಲೆಯಲ್ಲಿ ಇದ್ದಾರೆ. ‘ನನ್ನ ಪಾಡಿಗೆ ನಾನಿರಬೇಕು, ಒಂದು ಸೂರಿದ್ದರೆ ಸಾಕು’ ಅನ್ನುತ್ತಾರೆ. ಇಂಥವರಿಗೆ ಸರ್ಕಾರ ಮನೆ ಕೊಡುತ್ತದೆಯೆ? ಒಂಟಿಯಾಗಿ ಬಾಳಲು ಬೇರೆ ನೆರವೇನಾದರೂ ಉಂಟೆ?
— ಓದುಗರೊಬ್ಬರು, ಕೊರಟಗೆರೆ ತಾಲ್ಲೂಕು

ಉತ್ತರ: ಕೊಡುತ್ತದೆ, ಆದರೆ ಕಟ್ಟಿದಷ್ಟಕ್ಕೆ ಕಂತು ಕಂತಾಗಿ ಹಣದ ರೂಪದಲ್ಲಿ. ತೊಡಕು ಇರುವುದೂ ಅಲ್ಲೇ.

ನಿಮ್ಮ ಭಾಗದ ಹಿರಿಯರು ಇವತ್ತಿಗೂ ‘ಜನತಾ ಮನೆ’, ‘ಆಶ್ರಯ ಮನೆ’ ಎಂದೇ ಹೇಳುತ್ತಾರೆ. ಆಶ್ರಯ ಯೋಜನೆ ಶುರುವಾದದ್ದು 1991–92ರಲ್ಲಿ. ಈಗ ಎಲ್ಲವೂ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯುತ್ತದೆ. ಬಸವ ವಸತಿ ಯೋಜನೆಯಲ್ಲಿ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ಅಲ್ಲಿ ಮಾತು ನಡೆಯುವುದು ಯಾರದ್ದು ಎಂಬುದು ನಿಮಗೆ ಗೊತ್ತೇ ಇದೆ. ಪಡಸಾಲೆಯ ಮೂಲೆಯಲ್ಲಿರುವ ಹೆಂಗಸಿನ ಹೆಸರು ಪಟ್ಟಿಯ ತುದಿಗೂ ಬರುವುದು ಕಷ್ಟ. ಇದಕ್ಕಾಗಿಯೇ ದೇವರಾಜ ಅರಸು ವಸತಿ ಯೋಜನೆ ಬೇರೆ ಇದೆ. ವಿಧವೆಯರು, ಅಂಗವಿಕಲರು, ಕುಷ್ಠರೋಗದಿಂದ ಗುಣವಾದವರು, ಎಚ್‌ಐವಿ ಪೀಡಿತ ಕುಟುಂಬಗಳು, ಜೀತವಿಮುಕ್ತರು, ಮಾಜಿ ದೇವದಾಸಿಯರು, ಅಲೆಮಾರಿಗಳು, ಲಿಂಗತ್ವ ಅಲ್ಪಸಂಖ್ಯಾತರು ಇದರ ವ್ಯಾಪ್ತಿಗೆ ಬರುತ್ತಾರೆ. ಆಯ್ಕೆ ಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ. ನಿಮ್ಮ ಚಿಕ್ಕಮ್ಮ ಎರಡು ಕಾರಣಕ್ಕೆ ಇಲ್ಲಿ ಅರ್ಹರು. ಜೊತೆಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಕಲಂ ಬಡತನ ನಿವಾರಣೆಯ ಯೋಜನೆಗಳಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಟ್ಟು, ಅದರಲ್ಲೂ ಹೆಂಗಸರಿಗೆ ಆದ್ಯತೆ ಕೊಡಬೇಕು ಎನ್ನುತ್ತದೆ. ಅರ್ಜಿಯಲ್ಲಿ ಈ ಕಲಂ ನಮೂದಿಸಿ.

ಹಳ್ಳಿಯಲ್ಲಿ ಸಹಾಯಧನ ಸಾಮಾನ್ಯ ವರ್ಗಕ್ಕೆ 1.20 ಲಕ್ಷ ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 1.75 ಲಕ್ಷ. ತಳಪಾಯ, ಗೋಡೆ, ಛಾವಣಿ, ಮುಕ್ತಾಯ ಎಂದು ಹಂತ ಹಂತವಾಗಿ ಪಂಚಾಯಿತಿಯವರು ಮೊಬೈಲಿನಲ್ಲಿ ಫೋಟೊ ತೆಗೆದ ಮೇಲೆ ‘ಬಿಲ್ಲು’ ಆಗುತ್ತದೆ. ಅಂದರೆ ತಳಪಾಯದ ಸೈಜುಗಲ್ಲು, ಸಿಮೆಂಟು, ಮೇಸ್ತ್ರಿಯ ಕೂಲಿ ಎಲ್ಲವನ್ನೂ ಮೊದಲು ಕೈಯಿಂದ ಹಾಕಬೇಕು. ದುಡಿಯುವ ಮಗನಿರುವ ಮನೆಗೆ ಇದು ಸಾಲದ ಮಾತು. ಒಂಟಿ ಹೆಂಗಸಿಗೆ ಮನೆಯೇ ನಿಂತುಹೋಗುವ ಮಾತು. ಉದ್ಯೋಗ ಖಾತರಿಯಲ್ಲಿ ಮನೆ ಕಟ್ಟಲು ಸುಮಾರು 90 ಮಾನವ ದಿನಗಳ ಕೂಲಿ ಕೊಡುತ್ತ ಬಂದಿದ್ದಾರೆ. ಆದರೆ ಕಲ್ಲು ಹೊರಲಾಗದವರಿಗೆ ಆ ಕೂಲಿ ಹೇಗೆ ದಕ್ಕಬೇಕು? ಅತಿ ದುರ್ಬಲರಿಗೆಂದೇ ಯೋಜನೆ ಮಾಡಿ, ಕಟ್ಟಿಸುವ ಹೊಣೆಯನ್ನು ಅವರ ತಲೆಗೇ ಕಟ್ಟಿರುವುದು ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ಲೋಪ. ಆದ್ದರಿಂದ ಮಂಜೂರಾತಿಗೆ ಮುಂಚೆಯೇ ತಳಪಾಯದ ಖರ್ಚು ಯಾರದು, ಮೇಸ್ತ್ರಿ ಯಾರು ಎಂದು ಮನೆಯವರು ಕೂತು ತೀರ್ಮಾನಿಸಿ.

ಅದಕ್ಕೂ ಮೊದಲು ನಿವೇಶನದ ಕಾಗದ. ಇ–ಸ್ವತ್ತಿನ ನಮೂನೆ 9 ಮತ್ತು 11 ಚಿಕ್ಕಮ್ಮನ ಹೆಸರಿನಲ್ಲೇ ಇರಲಿ. ಅಣ್ಣನ ಜಾಗದಲ್ಲಿ ಕಟ್ಟಿದರೆ ನಾಳೆ ಅದೇ ಪಡಸಾಲೆಯ ಪಾಡು. ಸಿರಾ, ಪಾವಗಡದ ಕಡೆಯ ಎಷ್ಟೋ ಗೊಲ್ಲರಹಟ್ಟಿ, ತಾಂಡಾಗಳಲ್ಲಿ ತಲೆಮಾರುಗಳಿಂದ ವಾಸವಿದ್ದರೂ ಹಕ್ಕುಪತ್ರವಿಲ್ಲದೆ ಅರ್ಜಿಯೇ ಮುಂದೆ ಹೋಗುವುದಿಲ್ಲ. ಅಂಥವರು ಮೊದಲು ತಹಶೀಲ್ದಾರರ ಕಚೇರಿಯ ಬಾಗಿಲು ತಟ್ಟಬೇಕು.

ಇನ್ನು ಕಟ್ಟುವಾಗಿನ ಮಾತು. ಇಳಿಜಾರನ್ನು ತಳಪಾಯದ ದಿನವೇ ಗುರುತು ಹಾಕಿಸಿ. ಒಂದು ಅಡಿ ಎತ್ತರದ ಜಗಲಿಗೆ 12 ಅಡಿ ಉದ್ದದ ಇಳಿಜಾರು ಬೇಕು. ಬಾಗಿಲು ಮೂರು ಅಡಿ ಅಗಲವಿರಲಿ. ಶೌಚಾಲಯ ಮನೆಯ ಒಳಗಿರಲಿ, ಗೋಡೆಗೆ ಹಿಡಿ ಇರಲಿ. ಮೇಸ್ತ್ರಿಗಳು ಶೌಚಾಲಯವನ್ನು ಹಿತ್ತಲಿಗೆ ತಳ್ಳುವ ರೂಢಿಯಿದೆ, ಒಪ್ಪಬೇಡಿ.

ನೀವು ಕೇಳಿದ ಎರಡನೆಯ ಪ್ರಶ್ನೆಯೇ ನಿಜಕ್ಕೂ ಕಷ್ಟದ್ದು. ಇಂಗ್ಲೆಂಡಿನಲ್ಲಿ 2003ರಲ್ಲಿ ‘ಸಪೋರ್ಟಿಂಗ್ ಪೀಪಲ್’ ಎಂಬ ಯೋಜನೆ ಬಂತು. ಬಾಡಿಗೆಯ ನೆರವು ಬೇರೆ. ಒಂಟಿಯಾಗಿರುವವರ ಮನೆಗೆ ಬಂದು ಬಿಲ್ಲು, ಔಷಧ, ಅರ್ಜಿಗಳ ವಿಚಾರದಲ್ಲಿ ಕೈಹಿಡಿಯುವ ಕಾರ್ಯಕರ್ತರಿಗೆ ಬೇರೆ ಹಣ. 2009ರಲ್ಲಿ ಆ ಹಣ ಇದಕ್ಕೇ ಮೀಸಲು ಎಂಬ ಕಟ್ಟುಪಾಡು ತೆಗೆದರು. ಮುಂದೆ ಸ್ಥಳೀಯ ಸಂಸ್ಥೆಗಳು ಮೊದಲು ಕತ್ತರಿ ಹಾಕಿದ್ದರಲ್ಲಿ ಇದೂ ಒಂದಾಯಿತು. ನಮ್ಮಲ್ಲಿ ಅಂಥ ಪೂರ್ಣ ವ್ಯವಸ್ಥೆ ಇಲ್ಲ. ಆದರೆ ಕರ್ನಾಟಕದಲ್ಲಿ ಅದರ ಒಂದು ಎಳೆ ಇದೆ: ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಹೆಚ್ಚಿನವರು ಸ್ವತಃ ಅಂಗವಿಕಲರು, ಗೌರವಧನದ ಮೇಲೆ ದುಡಿಯುವವರು. ಗುರುತಿನ ಚೀಟಿ, ಪಿಂಚಣಿ, ಸಾಧನ ಸಲಕರಣೆ ಎಲ್ಲಕ್ಕೂ ಮೊದಲು ಕಾಣಬೇಕಾದವರು ಇವರೇ. ಪಂಚಾಯಿತಿಯ ಸ್ವಂತ ಸಂಪನ್ಮೂಲದ ಶೇ 5ರಷ್ಟು ಅಂಗವಿಕಲರಿಗೆ ಖರ್ಚಾಗಬೇಕೆಂಬ ನಿಯಮವೂ ಇದೆ. ಇಳಿಜಾರಿಗೆ, ಹಿಡಿಗೆ ಆ ಹಣ ಕೇಳಿ.

ಚಿಕ್ಕಮ್ಮನಿಗೆ 60 ದಾಟಿದ್ದರೆ ಇನ್ನೊಂದು ದಾರಿಯಿದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಮಧುಗಿರಿ ಉಪವಿಭಾಗಕ್ಕೆ ಸೇರುತ್ತವೆ. ಅಲ್ಲಿನ ಉಪವಿಭಾಗಾಧಿಕಾರಿಯೇ 2007ರ ಹಿರಿಯ ನಾಗರಿಕರ ಕಾಯ್ದೆಯ ನ್ಯಾಯಮಂಡಳಿಯ ಮುಖ್ಯಸ್ಥರು. ಮಕ್ಕಳಿಲ್ಲದ ಹಿರಿಯರು, ತಮ್ಮ ಆಸ್ತಿಗೆ ಮುಂದೆ ವಾರಸುದಾರರಾಗುವ ಬಂಧುಗಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ನೋಡಿಕೊಳ್ಳುತ್ತೇವೆಂದು ಹೇಳಿ ಮನೆ ಬರೆಸಿಕೊಂಡು ಕೈಬಿಟ್ಟರೆ, 23ನೇ ಕಲಂ ಪ್ರಕಾರ ಆ ದಾನಪತ್ರವನ್ನು ರದ್ದು ಮಾಡಿಸಬಹುದು; ‘ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದಲ್ಲೇ ಇದ್ದರೆ ಕೆಲಸ ಸಲೀಸು.

ಸದ್ಯಕ್ಕೆ ಅಂಗವಿಕಲತೆಯ ಯುಡಿಐಡಿ ಚೀಟಿ, ಗಂಡನ ಮರಣ ಪ್ರಮಾಣಪತ್ರ, ರೇಷನ್ ಕಾರ್ಡ್, ಆಧಾರ್ ಜೋಡಿಸಿದ ಬ್ಯಾಂಕ್ ಪಾಸ್‌ಬುಕ್, ನಿವೇಶನದ ದಾಖಲೆ ಇಷ್ಟನ್ನು ಹೊಂದಿಸಿಕೊಂಡು ಪಿಡಿಒ ಅವರನ್ನು ಕಾಣಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.