ಎಂ.ಬಿ.ಎ. ಓದಲು ಏನೇನು ಬೇಕು?



ಕಳೆದ ಕೊಯ್ಲಿನಲ್ಲಿ ನಮ್ಮ ಸದಸ್ಯರೊಬ್ಬರ ತೋಟಕ್ಕೆ ಸುರಪುರದ ಕಡೆಯಿಂದ ಕಾಫಿ ಹಣ್ಣು ಬಿಡಿಸುವ ಗುಂಪೊಂದು ಬಂದಿತ್ತು. ಗುಂಪಿನ ಮೇಸ್ತ್ರಿಯ ಮಗಳು ಶಹಾಪುರದಲ್ಲಿ ಬಿ.ಕಾಂ. ಮುಗಿಸಿದವಳು. ಹಗಲು ಹಣ್ಣು ಬಿಡಿಸಿ, ಸಂಜೆ ಇಡೀ ಗುಂಪಿನ ತೂಕದ ಲೆಕ್ಕವನ್ನು ಅವಳೇ ಬರೆಯುತ್ತಿದ್ದಳು. ಮುಂದೇಕೆ ಓದಲಿಲ್ಲವೆಂದು ನಾವು ಕೇಳಿದೆವು. "ಎಂ.ಬಿ.ಎ.ಗೆ 50 ಪರ್ಸೆಂಟ್ ಬೇಕಂತರೀ, ನನಗ 48 ಆಗ್ಯಾವ" ಎಂದಳು. ಯಾರೋ ಹೇಳಿದ ಆ ಒಂದು ಮಾತಿನಿಂದ ಅವಳು ಅರ್ಜಿಯನ್ನೇ ಹಾಕಿರಲಿಲ್ಲ. ಆ ಮಾತು ಅರ್ಧ ಸರಿ. ಅವಳ ಮಟ್ಟಿಗೆ ಪೂರ್ತಿ ತಪ್ಪು.

ನಮ್ಮ ಸದಸ್ಯರ ಮಕ್ಕಳಲ್ಲಿಯೂ ಇಂಥ ತಪ್ಪು ತಿಳುವಳಿಕೆ ಇರುವುದರಿಂದ ವಿಷಯವನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ವ್ಯವಹಾರಾಡಳಿತದ ಈ ಸ್ನಾತಕೋತ್ತರ ಪದವಿಗೆ ಕನಿಷ್ಠ ಮೂರು ವರ್ಷದ ಯಾವುದೇ ಪದವಿ ಸಾಕು. ವಾಣಿಜ್ಯವನ್ನೇ ಓದಿರಬೇಕೆಂದಿಲ್ಲ, ಬಿ.ಎ. ಆಗಲಿ, ಬಿ.ಎಸ್ಸಿ. ಆಗಲಿ ನಡೆಯುತ್ತದೆ. ಪದವಿಯ ಒಟ್ಟು ಅಂಕ ಶೇಕಡಾ 50 ಇರಬೇಕೆಂಬುದು ಸಾಮಾನ್ಯ ನಿಯಮ. ಆದರೆ ಕರ್ನಾಟಕದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ವಿದ್ಯಾರ್ಥಿಗಳಿಗೆ ಶೇಕಡಾ 45 ಸಾಕು. ಈ ಹುಡುಗಿ ನಾಯಕ ಸಮುದಾಯದವಳು, ಪರಿಶಿಷ್ಟ ಪಂಗಡಕ್ಕೆ ಸೇರಿದವಳು. ಅವಳಿಗೆ ಬೇಕಾದ್ದಕ್ಕಿಂತ 3 ಅಂಕ ಹೆಚ್ಚೇ ಇತ್ತು! ಆ ಮೂರು ಅಂಕದ ಅರಿವಿಲ್ಲದೆ ಎರಡು ವರ್ಷ ಕಳೆದುಹೋಗಿದ್ದವು.

ಎರಡನೆಯದು ಪ್ರವೇಶ ಪರೀಕ್ಷೆ. ಸರ್ಕಾರಿ ಪಾಲಿನ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪಿ.ಜಿ.ಸಿ.ಇ.ಟಿ. ನಡೆಸುತ್ತದೆ. ಅದರಲ್ಲಿ ಇಂಗ್ಲಿಷ್ ಭಾಷೆ, ತರ್ಕಶಕ್ತಿ, ಸಾಮಾನ್ಯ ಜ್ಞಾನ, ಅಂಕಗಣಿತ ಎಂದು ನಾಲ್ಕು ಭಾಗ. ಎರಡು ಗಂಟೆಯಲ್ಲಿ 100 ಪ್ರಶ್ನೆ. ಗಣಿತವೆಂದರೆ ಹೆದರಬೇಕಾದ್ದಿಲ್ಲ. ಶೇಕಡಾವಾರು, ಬಡ್ಡಿ, ಸರಾಸರಿ, ಲಾಭ-ನಷ್ಟ ಇಂಥವೇ ಹೆಚ್ಚು. ಒಣ ಕಾಫಿಯ ಔಟ್‌ಟರ್ನ್ ಲೆಕ್ಕ ಹಾಕಬಲ್ಲ ಯಾವ ಹುಡುಗನಿಗೂ ಅದು ಹೊಸದಲ್ಲ. ಇಂಗ್ಲಿಷ್ ಭಾಗವೇ ಕನ್ನಡ ಮಾಧ್ಯಮದವರಿಗೆ ತೊಡಕು. ಅದಕ್ಕೆ ಆರು ತಿಂಗಳಾದರೂ ಮೊದಲೇ ತಯಾರಿ ಬೇಕು. ಪದವಿಯ ಕೊನೆಯ ವರ್ಷದಲ್ಲಿರುವವರೂ ಪರೀಕ್ಷೆ ಬರೆಯಬಹುದು.

ಯಾದಗಿರಿ, ಶಹಾಪುರ, ಸುರಪುರದವರಿಗೆ ಇನ್ನೊಂದು ಹಕ್ಕಿದೆ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯಂತೆ, ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಅಲ್ಲಿಯ ಸ್ಥಳೀಯರಿಗೆ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟು ಮೀಸಲು. 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಬಿ.ಎ. ಇದೆ, ಕಲಬುರಗಿ ಅವರಿಗೆ ದೂರವೂ ಅಲ್ಲ. ಆದರೆ ಈ ಮೀಸಲಾತಿಗೆ ಸಹಾಯಕ ಆಯುಕ್ತರ ಅರ್ಹತಾ ಪತ್ರ ಬೇಕು. ಜಾತಿ ಪ್ರಮಾಣಪತ್ರ ತಹಶೀಲ್ದಾರರಿಂದ ಬರಬೇಕು. ದಾಖಲೆಯೆಲ್ಲ ಊರಿನಲ್ಲಿ, ಮನೆಮಂದಿಯೆಲ್ಲ ಕೊಯ್ಲಿಗೆ ಮಲೆನಾಡಿನಲ್ಲಿ! ಇವರ ತೊಂದರೆ ಇದೇ. ತೋಟದ ಮಾಲೀಕರು ಇದನ್ನು ಗಮನಿಸಿ, ಇಂಥ ಮಕ್ಕಳಿಗೆ ನಾಲ್ಕು ದಿನ ಮುಂಚೆ ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳುಹಿಸಿದರೆ ದೊಡ್ಡ ನಷ್ಟವೇನೂ ಆಗದು.

ಇನ್ನು ಪಾಠದ ವಿಚಾರ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಮೊದಲ ವರ್ಷ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ: ಆಡಳಿತ ತತ್ವ, ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮಾರುಕಟ್ಟೆ, ಹಣಕಾಸು. ಎರಡನೆಯ ವರ್ಷ ಹಣಕಾಸು, ಮಾರುಕಟ್ಟೆ ಅಥವಾ ಸಿಬ್ಬಂದಿ ನಿರ್ವಹಣೆಯಂಥ ಒಂದನ್ನು ಆರಿಸಿಕೊಂಡು ಆಳವಾಗಿ ಓದಬೇಕು. ಯಾವುದಾದರೂ ಸಂಸ್ಥೆಯಲ್ಲಿ ಕೆಲವು ವಾರ ಇದ್ದು ವರದಿ ಬರೆದು, ಮೌಖಿಕ ಪರೀಕ್ಷೆಯನ್ನೂ ಎದುರಿಸಬೇಕು.

ಇದರಿಂದ ತೋಟಗಾರನಿಗೇನು ಎಂದು ಕೇಳುವವರಿದ್ದಾರೆ. ಅಡಿಕೆಯನ್ನೇ ನೋಡಿ. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಆವರೆಗಿನ ಗೊಬ್ಬರ, ನೀರು, ಕೂಲಿಯನ್ನು ನಾವು ಆಯಾ ವರ್ಷದ ಖರ್ಚೆಂದು ಬರೆದು ಮರೆತುಬಿಡುತ್ತೇವೆ. ಲೆಕ್ಕಶಾಸ್ತ್ರ ಅದನ್ನು ಬಂಡವಾಳವೆಂದು ಹಿಡಿದು ಫಲ ಕೊಡುವ ವರ್ಷಗಳಿಗೆ ಹಂಚುತ್ತದೆ. ಹಾಗೆ ಹಂಚಿ ನೋಡಿದರೆ ಕ್ವಿಂಟಾಲಿನ ಅಸಲು ಖರ್ಚು ನಾವೆಣಿಸಿದ್ದಕ್ಕಿಂತ ಮೇಲಿರುತ್ತದೆ. ಕಾಫಿಯಲ್ಲಂತೂ 1990ರ ದಶಕದವರೆಗೆ ಬೆಳೆಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ ಸುಮ್ಮನಿರುತ್ತಿದ್ದೆವು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಯಾವಾಗ ಮಾರಬೇಕು, ಎಷ್ಟು ದಿನ ಬಡ್ಡಿ ತೆತ್ತು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಅಂದಿನಿಂದ ನಮ್ಮ ಹೆಗಲ ಮೇಲಿದೆ.

ಆದರೂ ಒಂದು ಮಾತು ಹೇಳಲೇಬೇಕು. ತರಗತಿಯ ಉದಾಹರಣೆಗಳು ಬಹುಮಟ್ಟಿಗೆ ಕಾರ್ಖಾನೆ, ಕಂಪನಿಗಳವು. ತೋಟಕ್ಕೆ ಹೊಂದಿಸುವ ಕೆಲಸ ವಿದ್ಯಾರ್ಥಿಯದೇ. ಸಹಕಾರದಲ್ಲಿ ಒಲವಿರುವವರು ಗುಜರಾತಿನ ಆಣಂದದ ಸಂಸ್ಥೆಯನ್ನು ವಿಚಾರಿಸಬಹುದು. ಕುರಿಯನ್ ಅವರು 1979ರಲ್ಲಿ ಕಟ್ಟಿದ ಆ ಗ್ರಾಮೀಣ ಆಡಳಿತ ಸಂಸ್ಥೆ 2025ರಲ್ಲಿ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಯಿತು. ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಅದಕ್ಕಿಂತ ಒಂದು ವರ್ಷ ಕಾದು ಪರೀಕ್ಷೆಯನ್ನು ಮತ್ತೆ ಬರೆಯುವುದು ಮೇಲು.

ಮೇಸ್ತ್ರಿಯ ಮಗಳು ಕೊಯ್ಲು ಮುಗಿಯುವ ಮೊದಲೇ ಊರಿಗೆ ಹೋದಳು. ಜಾತಿ ಪ್ರಮಾಣಪತ್ರ ಕೈಗೆ ಬಂದಿದೆಯಂತೆ; ಯಾದಗಿರಿಯ ಸಹಾಯಕ ಆಯುಕ್ತರ ಕಚೇರಿಯ ಪತ್ರ ಇನ್ನೂ ಬರಬೇಕಾಗಿದೆ.