ಪೂಜೆಯಲ್ಲಿ ಮನಸ್ಸು ಒಣಗಿದಾಗ

ಪ್ರಶ್ನೆ: 20 ವರ್ಷದಿಂದ ದಿನಾ ಶಿವಪೂಜೆ ಮಾಡುತ್ತಿದ್ದೇನೆ. 8 ತಿಂಗಳ ಹಿಂದೆ ತಾಯಿ ತೀರಿಕೊಂಡರು. ಹೂ, ಬಿಲ್ವ ಬಿಡಿಸಿಡುತ್ತಿದ್ದವರು ಅವರೇ. ಅಂದಿನಿಂದ ಪೂಜೆಗೆ ಕೂತರೆ ಏನೂ ಅನಿಸುವುದಿಲ್ಲ. ಕೈ ನೀರು ಹಾಕುತ್ತದೆ, ಬಾಯಿ ಮಂತ್ರ ಹೇಳುತ್ತದೆ, ಅಷ್ಟೆ. ಸಾಡೇಸಾತಿ ಇದೆ, ಶಾಂತಿ ಹೋಮ ಮಾಡಿಸಿ ಎಂದು ಒಬ್ಬರು ಹೇಳಿದರು. ಇಂಥ ಕಾಟಾಚಾರದ ಪೂಜೆಯಿಂದ ದೋಷ ಬರುವುದಾದರೆ ನಿಲ್ಲಿಸಿಬಿಡಲೇ?
— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ನಿಲ್ಲಿಸಬೇಡಿ. ದೋಷವೂ ಇಲ್ಲ.

ಮೊದಲು ಸಾಡೇಸಾತಿ ಮಾತು. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ ವರ್ಷ. ಅಂದರೆ ಯಾವಾಗ ನೋಡಿದರೂ 12 ರಾಶಿಗಳಲ್ಲಿ 3ಕ್ಕೆ ಸಾಡೇಸಾತಿ ಇದ್ದೇ ಇರುತ್ತದೆ. ಅದೇ ಕಾರಣ ಆಗಿದ್ದರೆ ಬೆಳಗಾವಿಯ ಕಾಲು ಭಾಗ ಜನಕ್ಕೆ ಭಕ್ತಿ ಒಣಗಬೇಕಿತ್ತಲ್ರೀ! ಮೇಲಾಗಿ ತಾಯಿಯ ವರ್ಷಾಂತಿಕ ಆಗುವವರೆಗೆ ಕಾಮ್ಯಕರ್ಮ ಬೇಡ ಎಂಬುದು ನಮ್ಮ ಕಡೆಯ ಸಂಪ್ರದಾಯ. ಹೋಮದ ದುಡ್ಡು ಹಾಗೇ ಇರಲಿ.

ಪತಂಜಲಿ ಮಹರ್ಷಿಗಳು ಯೋಗಸೂತ್ರದ ಮೊದಲ ಪಾದದಲ್ಲಿ 9 ಅಂತರಾಯಗಳನ್ನು ಎಣಿಸಿದ್ದಾರೆ. ವ್ಯಾಧಿಯ ಮುಂದೆಯೇ ಬರುವುದು 'ಸ್ತ್ಯಾನ'. ಮನಸ್ಸು ಹೆಪ್ಪುಗಟ್ಟಿದಂತಾಗಿ ಮೇಲೇಳದ ಸ್ಥಿತಿ ಅದು. ಅವರು ಅದನ್ನು ಅಡ್ಡಿ ಎಂದರು, ಪಾಪ ಎನ್ನಲಿಲ್ಲ. ಪರಿಹಾರವಾಗಿ ಹೇಳಿದ್ದು ಒಂದೇ ತತ್ತ್ವದ ಅಭ್ಯಾಸ. ಬಿಲ್ವ ಬಿಡಿಸುತ್ತಿದ್ದ ಕೈ ಇಲ್ಲವಾದ ಮೇಲೆ ದೇವರಮನೆ ಬರಿದಾಗಿ ಕಾಣುವುದು ಸಹಜ. ಅದು ದುಃಖ, ಅದನ್ನು ಅಭಕ್ತಿ ಅಂದುಕೊಳ್ಳಬೇಡಿ.

ಇನ್ನೊಂದು ನೋಡ್ರಿ. ದಿನಾ ಸಂಕಲ್ಪದಲ್ಲಿ 'ಪರಮೇಶ್ವರ ಪ್ರೀತ್ಯರ್ಥಂ' ಅಂತೀರಿ. 'ನನಗೆ ಹಿತ ಅನಿಸಲಿ' ಅಂತ ಅಲ್ಲಿ ಎಲ್ಲೂ ಇಲ್ಲ. ನಿಮಗೆ ಏನೂ ಅನಿಸದ ದಿನವೂ ಆ ಸಂಕಲ್ಪ ಪೂರ್ತಿಯಾಗಿಯೇ ನಡೆದಿದೆ.

ಸದ್ಯಕ್ಕೆ 16 ಉಪಚಾರ ಬಿಟ್ಟು ಪಂಚೋಪಚಾರ ಮಾಡಿ: ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ಜಪ 108 ಆಗದಿದ್ದರೆ 28, ಅದೂ ಆಗದಿದ್ದರೆ 10 ಸಾಕು. ಹೊತ್ತು ಮಾತ್ರ ತಪ್ಪಿಸಬೇಡಿ. ಬಿಲ್ವ ನೀವೇ ಬಿಡಿಸಿ. ಕೊನೆಗೆ ಮಂತ್ರ ಬಿಟ್ಟು ನಿಮ್ಮ ಮಾತಿನಲ್ಲೇ ಬೇಡಿಕೊಳ್ಳಿ: "ತಂದೆ, ನನಗೀಗ ಭಕ್ತಿ ಬರ್ತಾ ಇಲ್ಲ. ಆದ್ರೂ ಬಂದು ಕೂತೀನಿ. ಬೇಕಾದ್ದು ನೀನೇ ಕೊಡು." ಕಣ್ಣೀರು ಬಂದರೆ ಬರಲಿ, ಬಾರದಿದ್ದರೂ ಚಿಂತೆಯಿಲ್ಲ.

ಊಟ, ನಿದ್ದೆ ಎರಡೂ ಕೆಟ್ಟಿದ್ದರೆ ವೈದ್ಯರಿಗೂ ತೋರಿಸಿ. ಅದಕ್ಕೆ ಸಂಕೋಚ ಬೇಡ.

ಮನೆಯಲ್ಲಿ ಕೂರಲಾಗದ ಸೋಮವಾರ ಕಪಿಲೇಶ್ವರಕ್ಕೆ ಹೋಗಿ ಸುಮ್ಮನೆ ಕೂತು ಬನ್ನಿ. ರಜೆ ಸಿಕ್ಕರೆ ಖಾನಾಪುರ ಹತ್ತಿರದ ಅಸೋಗಾದ ರಾಮಲಿಂಗೇಶ್ವರಕ್ಕೆ ಹೋಗಿ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಅಲ್ಲೇ ಹರಿಯುತ್ತಾಳೆ. ಬೇಸಿಗೆಯಲ್ಲಿ ನೀರು ಬಂಡೆಗಳ ನಡುವೆ ತೆಳ್ಳಗಾಗಿರುತ್ತದೆ; ಅಷ್ಟರಲ್ಲೇ ಕೈಕಾಲು ತೊಳೆದು, ಒಂದು ಬೊಗಸೆ ತಾಯಿಯ ಹೆಸರು ಹೇಳಿ ಬಿಡಿ.